ಬೈಸಿಕಲ್ಲಿನ ಗಾಳಿ

ಈ ಹೊತ್ತು ನಾನು ಮಾತನಾಡಲು ಒಪ್ಪಿಕೊಂಡಿರುವ ವಿಷಯ ಬಹು ಸಾಮಾನ್ಯವಾದುದು. ದಿನವೂ ಕೆಲಸಕ್ಕೆ ಹೋಗಿಬರುವ ಬೈಸಿಕಲ್ಲಿಗೆ ಎಷ್ಟು ಅಗಲದ ಟೈರನ್ನು ಹಾಕಿಸಬೇಕು, ಅದರಲ್ಲಿ ಎಷ್ಟು ಗಾಳಿಯಿರಬೇಕು ಎಂಬುದಿಷ್ಟೆ. ಇದಕ್ಕೂ ಒಂದು ಭಾಷಣವೇ ಎಂದು ಕೆಲವರಾದರೂ ನಗುವುದುಂಟು. ಗಾಳಿಯ ವಿಷಯವನ್ನು ಗಾಳಿಯಲ್ಲೇ ತೂರಿಬಿಡುವ ಏರ್ಪಾಡೋ ಎಂದು ನನ್ನ ಮಿತ್ರರೊಬ್ಬರು ಆಗಲೇ ಹಾಸ್ಯ ಮಾಡಿದ್ದಾರೆ. ಅವರ ಹಾಸ್ಯವನ್ನು ಒಪ್ಪಿಕೊಂಡೇ ಆರಂಭಿಸುತ್ತೇನೆ. ಏಕೆಂದರೆ, ಈ ಸಾಮಾನ್ಯ ವಿಷಯವನ್ನು ಅಲಕ್ಷ್ಯಮಾಡಿದ್ದರಿಂದ ನಾನು ಒಬ್ಬ ವಿದ್ಯಾರ್ಥಿನಿಗೆ ಮಾಡಿದ ಅನ್ಯಾಯವೊಂದುಂಟು. ಅದನ್ನು ಮೊದಲು ಹೇಳಿ ಹಗುರವಾಗಬೇಕು.

ನಾನು ಹುಣಸೂರಿನಲ್ಲಿ ಭೌತವಿಜ್ಞಾನವನ್ನು ಪಾಠಹೇಳುವವನು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬರೆಯುತ್ತೇನೆ. ಹುಡುಗರು ಅದನ್ನು ನಕಲುಮಾಡಿಕೊಳ್ಳುತ್ತಾರೆ. ಅಲ್ಲಿಗೆ ಇಬ್ಬರ ಕರ್ತವ್ಯವೂ ಮುಗಿಯುತ್ತದೆ. ಕೆಲವು ವರ್ಷಗಳ ಕೆಳಗೆ ನನ್ನ ತರಗತಿಯಲ್ಲಿ ಹನಗೋಡಿನ ದಿಕ್ಕಿನಿಂದ ಬೈಸಿಕಲ್ಲಿನಲ್ಲಿ ಬರುವ ಹುಡುಗಿಯೊಬ್ಬಳಿದ್ದಳು. ಊರು ಒಂಬತ್ತು ಕಿಲೋಮೀಟರು ದೂರ. ವಾರದಲ್ಲಿ ಮೂರು ದಿನ ಹತ್ತು ಹದಿನೈದು ನಿಮಿಷ ತಡವಾಗಿ ಬರುವಳು. ಹಾಜರಿ ಪುಸ್ತಕವನ್ನು ಮುಚ್ಚಿದಮೇಲೆ ಬಂದವರು ಬಾರದವರಂತೆಯೇ ಎಂಬುದು ಆಗ ನನ್ನ ನಿಯಮ. ವರ್ಷದ ಕೊನೆಗೆ ಹಾಜರಿ ಸಾಲದವರ ಪಟ್ಟಿಯಲ್ಲಿ ಅವಳ ಹೆಸರು ಬಂತು, ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ.

ಅವಳು ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. “ಏನಮ್ಮ, ಒಂದು ದಿನವಾದರೂ ಹೊತ್ತಿಗೆ ಸರಿಯಾಗಿ ಬರಬಾರದಾಗಿತ್ತೆ?” ಎಂದೆ.

“ಏಳು ಗಂಟೆಗೇ ಮನೆ ಬಿಡ್ತೀನಿ ಸಾರ್. ಡೈರಿಗೆ ಹಾಲು ಹಾಕಿ ಬರ್ಬೇಕು. ಸೈಕಲ್ಲು ತುಳಿಯೋಕೇ ಆಗಲ್ಲ ಸಾರ್, ಹಿಂದಕ್ಕೆ ಯಾರೋ ಎಳ್ದಂಗಾಗುತ್ತೆ.”

ಇದೊಂದು ನೆಪವೆಂದೇ ನಾನು ತಿಳಿದೆ. ಸಂಜೆ ಗೇಟಿನ ಬಳಿ ಅವಳು ಬೈಸಿಕಲ್ಲನ್ನು ತಳ್ಳಿಕೊಂಡು ಹೋಗುತ್ತಿದ್ದುದು ಕಣ್ಣಿಗೆ ಬಿತ್ತು. ಏನು ತೋರಿತೋ, “ಕೊಡಮ್ಮ ಇಲ್ಲಿ, ನೋಡೋಣ” ಎಂದು ಹತ್ತಿ ಆಟದ ಬಯಲನ್ನು ಸುತ್ತತೊಡಗಿದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ನನಗೆ ಏದುಸಿರು ಬಂತು. ಕೆಳಗಿಳಿದು ನೋಡಿದರೆ, ಹಿಂದಿನ ಟೈರು ನೆಲಕ್ಕೆ ಒರಗಿ ಮಲಗಿದಂತಿತ್ತು. ಪಂಕ್ಚರು ಆಗಿರಲಿಲ್ಲ, ಗಾಳಿ ಇತ್ತು, ಆದರೆ ಸಾಲದು. ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಹಿಂದಕ್ಕೆ ಯಾರೋ ಎಳೆಯುತ್ತಲೇ ಇದ್ದರು.

ಎಷ್ಟು ಎಳೆಯುತ್ತಿದ್ದರು ಎಂಬುದನ್ನು ಲೆಕ್ಕದಿಂದ ನೋಡಬಹುದು. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲಕ್ಕೆ ಹೋದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿಸುವುದಕ್ಕೆ ನಾವು ಕೊಟ್ಟ ಶಕ್ತಿಯನ್ನು ರಬ್ಬರು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಒಂದು ಪಾಲನ್ನು ಶಾಖವಾಗಿ ಕಳೆದುಬಿಡುತ್ತದೆ. ಗಾಳಿ ಕಡಮೆಯಾದಷ್ಟೂ ಬಾಗು ಹೆಚ್ಚು, ನಷ್ಟವೂ ಹೆಚ್ಚು. ಹೀಗೆ ಹೆಚ್ಚಿದ ಎಳೆತ ಒಟ್ಟು ತೂಕದ ನೂರರಲ್ಲಿ ಒಂದು ಪಾಲು ಎನ್ನೋಣ. ಆಗ ಒಂಬತ್ತು ಕಿಲೋಮೀಟರು ಸಮತಲವನ್ನು ತುಳಿದವರು 90 ಮೀಟರು ಎತ್ತರವನ್ನು ಹತ್ತಿದಂತಾಯಿತು. ಹೋಗಿಬರುವುದಕ್ಕೆ 180 ಮೀಟರು. ಚಾಮುಂಡಿಬೆಟ್ಟ ಮೈಸೂರಿನ ನೆಲದಿಂದ ಸುಮಾರು 300 ಮೀಟರು ಎತ್ತರವಿದೆ. ಎರಡು ದಿನಕ್ಕೊಮ್ಮೆ ಬೈಸಿಕಲ್ಲಿನ ಮೇಲೆ ಚಾಮುಂಡಿಬೆಟ್ಟವನ್ನು ಹತ್ತಿ ಕಾಲೇಜಿಗೆ ಬರುತ್ತಿದ್ದವಳನ್ನು ನಾನು ಸೋಮಾರಿಯೆಂದು ಎಣಿಸಿದ್ದೆ.

ಇನ್ನು ವಿಷಯಕ್ಕೆ ಬರೋಣ. ಗಾಳಿ ತುಂಬಿದ ಟೈರಿನ ಕಲ್ಪನೆ ಹಳೆಯದು. ರಾಬರ್ಟ್ ವಿಲಿಯಂ ಥಾಂಸನ್ ಎಂಬ ಸ್ಕಾಟ್ಲೆಂಡಿನವನು 1845ರಲ್ಲಿಯೇ ಅದಕ್ಕೆ ಹಕ್ಕುಪತ್ರ ಪಡೆದಿದ್ದನು. ಕಾಲ ಪಕ್ವವಾಗಿರಲಿಲ್ಲ, ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಗಾಡಿ ಕಲ್ಲುಹಾಸಿನ ಬೀದಿಯಲ್ಲಿ ಕುಲುಕುವುದನ್ನು ನೋಡಲಾರದೆ ಅದೇ ಉಪಾಯವನ್ನು ಮತ್ತೆ ಕಂಡುಕೊಂಡನು. ಮಗುವಿನ ಮೈ ನೋಯದಿರಲೆಂದು ಹುಟ್ಟಿದ ಟೈರು ಓಟದ ಪಂದ್ಯಗಳಲ್ಲಿಯೂ ಗೆದ್ದಿತು. ಮೆತ್ತಗಿರುವುದೂ ವೇಗವಾಗಿರುವುದೂ ಪರಸ್ಪರ ವಿರೋಧವಲ್ಲವೆಂಬ ಪಾಠ ಅಂದಿನಿಂದಲೇ ನಮ್ಮ ಮುಂದಿದೆ. ಆದರೂ ಟೈರು ಕಲ್ಲಿನಂತೆ ಗಟ್ಟಿಯಾಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಹೋಗಿಲ್ಲ.

ಗಾಳಿ ತೂಕವನ್ನು ಹೊರುವ ಬಗೆ ಹೀಗೆ. ಸವಾರನೂ ಬೈಸಿಕಲ್ಲೂ ಸೇರಿ 75 ಕಿಲೋಗ್ರಾಂ ಎನ್ನೋಣ. ಐದರಲ್ಲಿ ಮೂರು ಪಾಲು, ಅಂದರೆ 45 ಕಿಲೋಗ್ರಾಂ, ಹಿಂದಿನ ಚಕ್ರದ ಮೇಲೆ ಬೀಳುತ್ತದೆ, ಮುಂದಿನದಕ್ಕೆ 30. ಗಾಳಿಯನ್ನು ಇನ್ನೂ ಪೌಂಡಿನಲ್ಲಿಯೇ ಅಳೆಯುವ ರೂಢಿಯಿರುವುದರಿಂದ 45 ಕಿಲೋಗ್ರಾಮನ್ನು 100 ಪೌಂಡೆಂದು ಹಿಡಿಯೋಣ. ಟೈರಿನಲ್ಲಿ ಚದರ ಅಂಗುಲಕ್ಕೆ 50 ಪೌಂಡು ಒತ್ತಡವಿದ್ದರೆ ಸುಮಾರು ಎರಡು ಚದರ ಅಂಗುಲದಷ್ಟು ರಬ್ಬರು ನೆಲವನ್ನು ಮುಟ್ಟಬೇಕು. 25 ಪೌಂಡಿದ್ದರೆ ನಾಲ್ಕು ಚದರ ಅಂಗುಲ. ನಮ್ಮ ಸಂಸಾರಭಾರವೆಲ್ಲ ಒಂದು ಅಂಚೆಚೀಟಿಯಷ್ಟು ಜಾಗದ ಮೇಲೆ ನಿಂತಿರುತ್ತದೆಂದರೆ ತಪ್ಪಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ತೂಕವೂ ಒತ್ತಡವೂ ಒಂದೇ ಆಗಿದ್ದರೆ, ಕಿರಿದಾದ ಟೈರಾಗಲಿ ಅಗಲವಾದ ಟೈರಾಗಲಿ ನೆಲವನ್ನು ಮುಟ್ಟುವ ವಿಸ್ತೀರ್ಣ ಹೆಚ್ಚುಕಡಮೆ ಒಂದೇ. ಆಕಾರ ಮಾತ್ರ ಬೇರೆ. ಕಿರಿದಾದುದು ಉದ್ದಕ್ಕೆ ಚಪ್ಪಟೆಯಾಗುತ್ತದೆ, ಆದಕಾರಣ ಹೆಚ್ಚು ಕುಸಿಯುತ್ತದೆ. ಅಗಲವಾದುದು ಅಡ್ಡಕ್ಕೆ ಹರಡುತ್ತದೆ, ಕಡಮೆ ಕುಸಿಯುತ್ತದೆ. ಆದ್ದರಿಂದಲೇ ಕಿರಿದಾದ ಟೈರಿಗೆ ಹೆಚ್ಚು ಗಾಳಿ ಬೇಕು. ಅಗಲವಾದುದಕ್ಕೆ ಕಡಮೆ ಸಾಕು. ಅಗಲವನ್ನು ಬಿಟ್ಟು ಗಾಳಿಯ ಪ್ರಮಾಣವನ್ನು ಹೇಳುವುದು, ಪಾತ್ರೆ ಎಷ್ಟು ದೊಡ್ಡದೆಂದು ಕೇಳದೆ ಅಕ್ಕಿಯ ಅಳತೆ ಹೇಳಿದಂತೆ.

ಹಾಗಾದರೆ ಎಷ್ಟು? ಅಮೆರಿಕದ ಫ್ರಾಂಕ್ ಬರ್ಟೊ ಎಂಬ ತಜ್ಞರು ಸುಲಭವಾದ ಒಂದು ಮಾನವನ್ನು ಹೇಳಿದ್ದಾರೆ. ಸವಾರ ಕುಳಿತಾಗ ಟೈರು ತನ್ನ ಎತ್ತರದ ನೂರಕ್ಕೆ ಹದಿನೈದು ಪಾಲು ಕುಸಿಯಬೇಕು. ಅದಕ್ಕಿಂತ ಹೆಚ್ಚು ಕುಸಿದರೆ ಎಳೆತ. ಕಡಮೆ ಕುಸಿದರೆ ಕುಲುಕಾಟ. ಈ ಮಾನದ ಪ್ರಕಾರ, 45 ಕಿಲೋಗ್ರಾಂ ಹೊತ್ತ ಹಿಂದಿನ ಚಕ್ರಕ್ಕೆ, 25 ಮಿಲಿಮೀಟರು ಅಗಲದ ಟೈರಾದರೆ ಸುಮಾರು 90 ಪೌಂಡು; 32 ಮಿಲಿಮೀಟರಾದರೆ 60; ನಮ್ಮ ಹಳೆಯ ಕಪ್ಪು ಬೈಸಿಕಲ್ಲುಗಳಲ್ಲಿರುವ ಒಂದೂವರೆ ಅಂಗುಲದ, ಎಂದರೆ 40 ಮಿಲಿಮೀಟರಿನ ಟೈರಾದರೆ 45ರ ಆಸುಪಾಸು; 50 ಮಿಲಿಮೀಟರಿನ ದಪ್ಪ ಟೈರಾದರೆ 30. ಮುಂದಿನ ಚಕ್ರಕ್ಕೆ ಇದರ ಮುಕ್ಕಾಲು ಭಾಗ ಸಾಕು. ತೂಕದ ಲೆಕ್ಕದಂತೆ ಮೂರರಲ್ಲಿ ಎರಡು ಪಾಲೇ ಸಾಕಾಗಿತ್ತು. ಆದರೆ ಬ್ರೇಕು ಹಿಡಿದಾಗ ಭಾರ ಮುಂದಕ್ಕೆ ವಾಲುವುದರಿಂದ ಸ್ವಲ್ಪ ಹೆಚ್ಚಿರುವುದು ಕ್ಷೇಮ. ಇವು ಆರಂಭಕ್ಕೆ ಹೇಳಿದ ಅಂಕಿಗಳು, ವೇದವಾಕ್ಯಗಳಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅತಿ ಹೆಚ್ಚಿನ ಅಂಕಿಯನ್ನು ಮಾತ್ರ ಎಂದಿಗೂ ಮೀರಬಾರದು. ಅದು ಎಲ್ಲೆಯೇ ಹೊರತು ಅಪ್ಪಣೆಯಲ್ಲ. ಅಷ್ಟು ತುಂಬಲೇಬೇಕೆಂದು ಅದರ ಅರ್ಥವಲ್ಲ.

ಗಾಳಿಯನ್ನು ಅಳೆಯುವ ಮಾಪಕ ನಮ್ಮಲ್ಲಿಲ್ಲವಲ್ಲಾ ಎನ್ನುವಿರಿ. ಇದ್ದರೂ ಹಳೆಯ ಮಾದರಿಯ ವಾಲ್ವಿನಲ್ಲಿ ಅದು ಸರಿಯಾಗಿ ಹೇಳಲಾರದು. ಒಳಗಿನ ಸಣ್ಣ ರಬ್ಬರು ನಳಿಕೆ ಅಡ್ಡ ಬರುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡುವ ಪದ್ಧತಿಯೋ, ಬಹು ಮೋಸದ್ದು. ಒಂದೇ ಒತ್ತಡದಲ್ಲಿ ಅಗಲವಾದ ಟೈರಿನ ಮೈ ಕಿರಿದಾದುದಕ್ಕಿಂತ ಹೆಚ್ಚು ಬಿಗಿದುಕೊಂಡಿರುತ್ತದೆ. ಬೆರಳಿಗೆ ಎರಡೂ ಬೇರೆಬೇರೆಯಾಗಿ ತೋರುತ್ತವೆ. ಇದಕ್ಕಿಂತ ನಂಬಿಕೆಯದು ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಅಡಿಕೋಲು.

ಆ ಹುಡುಗಿಯ ಬೈಸಿಕಲ್ಲನ್ನು ಮರುದಿನ ಬೆಳಗ್ಗೆ ಕಾಲೇಜಿನ ಜಗಲಿಯ ಕಂಬಕ್ಕೆ ಆನಿಸಿ ನಿಲ್ಲಿಸಿ, ತರಗತಿಯವರನ್ನೆಲ್ಲ ಸುತ್ತ ಕರೆದೆ. ಮೊದಲು ಯಾರೂ ಕುಳಿತಿಲ್ಲದಾಗ ಹಿಂದಿನ ಚಕ್ರದ ರಿಮ್ಮಿನ ಅಂಚಿನಿಂದ ನೆಲಕ್ಕೆ ಎಷ್ಟು ಎಂದು ಅಳೆದೆವು. ಆಮೇಲೆ ಅವಳು ಕಂಬವನ್ನು ಹಿಡಿದುಕೊಂಡು, ಎರಡು ಕಾಲನ್ನೂ ಪೆಡಲಿನ ಮೇಲಿಟ್ಟು ಕುಳಿತಳು; ಮತ್ತೆ ಅಳೆದೆವು. ಟೈರಿನ ಅಗಲ 37 ಮಿಲಿಮೀಟರು. ಇಂಥ ಟೈರಿನ ಎತ್ತರವೂ ಸುಮಾರು ಅಷ್ಟೆ. ಕುಸಿಯಬೇಕಾದುದು ಐದೂವರೆ ಮಿಲಿಮೀಟರು, ಕುಸಿದದ್ದು ಹದಿನಾಲ್ಕು. ಕಾರಣವನ್ನು ಹುಡುಕಿದಾಗ ವಾಲ್ವಿನೊಳಗಿನ ರಬ್ಬರು ನಳಿಕೆ ಹಳತಾಗಿ ಬಿರಿದಿತ್ತು. ಎಷ್ಟು ಗಾಳಿ ಹೊಡೆಸಿದರೂ ಒಂದು ರಾತ್ರಿಯಲ್ಲಿ ಇಳಿದುಹೋಗುವುದು. ಬಸ್ ನಿಲ್ದಾಣದ ಬಳಿಯ ಸೈಕಲ್ ಶಾಪಿನ ಮುದುಕರು ಅಂಗುಲದುದ್ದದ ಹೊಸ ನಳಿಕೆಯನ್ನು ತೊಡಿಸಿ, “ಇದಕ್ಕೇನು ಕಾಸು ಮೇಷ್ಟ್ರೇ, ಹೋಗಿ” ಎಂದುಬಿಟ್ಟರು. ಒಂದು ವರ್ಷದ ವಿದ್ಯೆ ಅಷ್ಟರ ಮೇಲೆ ನಿಂತಿತ್ತು.

ಮೈಸೂರಿನಲ್ಲಿ 2017ರಲ್ಲಿ ಬಾಡಿಗೆ ಬೈಸಿಕಲ್ಲುಗಳ ಏರ್ಪಾಡು ಆರಂಭವಾದಮೇಲೆ ನಗರದವರು ಮತ್ತೆ ಬೈಸಿಕಲ್ಲಿನ ಮಾತನಾಡತೊಡಗಿದರೆಂಬುದು ಸಂತೋಷದ ಸಂಗತಿ. ಆದರೆ ನಗರದ ರಸ್ತೆಯನ್ನು ನೋಡಿ ಆರಿಸಿದ ಟೈರು ಪಶ್ಚಿಮದ ನಮ್ಮ ತಾಲ್ಲೂಕುಗಳಿಗೆ ಒಗ್ಗುವುದೆಂದು ಹೇಳಲಾಗದು. ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಮಡಿಕೇರಿಗೆ ಹೋಗುವ ಹೆದ್ದಾರಿಯ ಡಾಂಬರು ನುಣುಪಾದುದೇ. ಆದರೆ ಬೈಸಿಕಲ್ ಸವಾರನಿಗೆ ಆ ಡಾಂಬರಿನ ಮೇಲೆ ಹಕ್ಕಿರುವುದು ಹಿಂದಿನಿಂದ ಬಸ್ಸು ಕೂಗುವವರೆಗೆ ಮಾತ್ರ. ಕೂಗಿದ ಕೂಡಲೆ ಅವನು ಅಂಚಿಗಿಳಿಯಬೇಕು. ಅಲ್ಲಿ ಜಲ್ಲಿ, ಮರಳು, ಮೂರು ಬೆರಳಿನಷ್ಟು ತಗ್ಗು. ಆದ್ದರಿಂದ ಸವಾರನ ರಸ್ತೆಯೆಂದರೆ ಡಾಂಬರಲ್ಲ, ಡಾಂಬರಿನ ಅಂಚು. ಟೈರನ್ನು ಆರಿಸಬೇಕಾದುದು ಆ ಅಂಚಿಗಾಗಿ. ನನ್ನ ನೆರೆಯವರೊಬ್ಬರು ಓಟದ ಬೈಸಿಕಲ್ಲಿನ ಅಂದಕ್ಕೆ ಮರುಳಾಗಿ 25 ಮಿಲಿಮೀಟರಿನ ಟೈರಿಗೆ 100 ಪೌಂಡು ಗಾಳಿ ತುಂಬಿಸಿ ಹೆಗ್ಗಡದೇವನಕೋಟೆಯ ದಾರಿ ಹಿಡಿದರು. ಅಂಚಿಗಿಳಿದವರು ಮತ್ತೆ ಡಾಂಬರಿಗೆ ಹತ್ತಲು ಹೋದಾಗ ಮುಂದಿನ ಚಕ್ರ ಅಂಚನ್ನು ಹತ್ತದೆ ಅದರುದ್ದಕ್ಕೂ ಜಾರಿತು. ಮುಂಗೈ ಮುರಿದು ಆರು ವಾರ ಕಟ್ಟಿಕೊಂಡು ಕುಳಿತರು. ಹಿಂದೆ ಬಂದ ಬಸ್ಸಿನ ಚಾಲಕನಿಗೆ ಬ್ರೇಕಿನ ಮೇಲೆ ಕಾಲಿದ್ದುದರಿಂದ ಇಂದು ಆ ಮಾತನ್ನು ನಗುತ್ತ ಹೇಳುತ್ತಿದ್ದಾರೆ.

ಪಿರಿಯಾಪಟ್ಟಣದ ಕಡೆ ಕೊಡಗಿನ ಮಗ್ಗುಲಿಗೆ ಹೋದಂತೆ ಮಳೆ ಹೆಚ್ಚು. ಹೊಗೆಸೊಪ್ಪಿನ ಹೊಲಗಳ ನಡುವಣ ಕೆಮ್ಮಣ್ಣಿನ ದಾರಿ ಜೂನ್ ಜುಲೈಗಳಲ್ಲಿ ಅಂಟಿನಂತಾಗುತ್ತದೆ. ಅಲ್ಲಿ ಟೈರಿನ ಅಗಲಕ್ಕಿಂತ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬಿಟ್ಟ ಜಾಗವೇ ಮುಖ್ಯ. ಕಿರುಬೆರಳು ಸರಾಗವಾಗಿ ಆಡದಿದ್ದರೆ ಮಣ್ಣು ತುಂಬಿಕೊಂಡು ಚಕ್ರವೇ ನಿಲ್ಲುತ್ತದೆ. ಸವಾರ ಬೈಸಿಕಲ್ಲನ್ನು ಹೊರಬೇಕಾಗುತ್ತದೆ. ಕೃಷ್ಣರಾಜನಗರದ ನಾಲೆಯ ಏರಿಗಳು ಒಣಗಿದ್ದಾಗ ಬಹು ಸೊಗಸಾದ ದಾರಿಗಳು. ಆದರೆ ನೆಗ್ಗಿಲು ಮುಳ್ಳಿಗೆ ಅದೇ ಬೀಡು. ಹೆಗ್ಗಡದೇವನಕೋಟೆಯಲ್ಲಿ ಊರಿಗೂ ಊರಿಗೂ ದೂರ. ಕಾಡಂಚಿನ ಹಾಡಿಗಳಿಗೆ ಹೋಗುವ ದಾರಿಯಲ್ಲಿ ಪಂಕ್ಚರಾದರೆ ಅಂಗಡಿ ಸಿಗದು. ಇವೆಲ್ಲವನ್ನೂ ಕೂಡಿ ನೋಡಿದರೆ, ಹೆದ್ದಾರಿಯಲ್ಲಿಯೂ ಊರದಾರಿಯಲ್ಲಿಯೂ ದಿನನಿತ್ಯ ಓಡಾಡುವವರಿಗೆ 37ರಿಂದ 42 ಮಿಲಿಮೀಟರಿನವರೆಗಿನ ಟೈರು ತಕ್ಕದ್ದು. ಹೆಚ್ಚಾಗಿ ಮಣ್ಣುದಾರಿಯೇ ಆದರೆ 50. ಡಾಂಬರು ಬಿಟ್ಟಿಳಿಯದವರಿಗೆ 32 ಆದೀತು. ಅದಕ್ಕಿಂತ ಕಿರಿದಾದುದು ಪಂದ್ಯದವರಿಗಿರಲಿ. ದಪ್ಪ ಹಲ್ಲುಗಳ ಟೈರು ಕೆಸರಿನಲ್ಲಿ ನೆರವಾಗುತ್ತದೆ. ಡಾಂಬರಿನ ಮೇಲೆ ಗುಂಯ್‌ಗುಟ್ಟುತ್ತ ಶಕ್ತಿಯನ್ನು ತಿನ್ನುವುದೇ ಹೊರತು ಹೆಚ್ಚಿನ ಹಿಡಿತವನ್ನು ಕೊಡದು.

ಒರಟು ದಾರಿಯಲ್ಲಿ ಗಟ್ಟಿ ಟೈರು ಏಕೆ ನಿಧಾನವೆಂಬುದನ್ನೂ ಹೇಳಬೇಕು. ಗಾಳಿ ಹದವಾಗಿದ್ದರೆ ಸಣ್ಣ ಕಲ್ಲೊಂದು ಅಡ್ಡ ಬಂದಾಗ ಟೈರು ಅದನ್ನು ತನ್ನೊಳಕ್ಕೆ ತೆಗೆದುಕೊಂಡು ಮುಂದೆ ಹೋಗುತ್ತದೆ. ಅತಿಯಾಗಿ ಬಿಗಿದಿದ್ದರೆ ಚಕ್ರ, ಗಾಡಿ, ಸವಾರ ಎಲ್ಲರೂ ಎದ್ದು ಬೀಳಬೇಕು. ಹಾಗೆ ಎತ್ತಿದ ಶಕ್ತಿ ಸವಾರನ ಮೈಯ ಕುಲುಕಾಟದಲ್ಲಿ ಕಳೆದುಹೋಗುತ್ತದೆ. ಸಂಜೆ ಮೈಕೈ ನೋವೆಂದು ಮಲಗುವವನಿಗೆ ತನ್ನ ಶ್ರಮದ ಒಂದು ಪಾಲು ಎಲ್ಲಿ ಹೋಯಿತೆಂಬುದು ಇದರಿಂದ ತಿಳಿಯಬೇಕು.

ಭಾರ ಹೊರುವವರ ಮಾತು ಬೇರೆ. ನಾಲ್ವತ್ತು ಲೀಟರಿನ ಹಾಲಿನ ಕ್ಯಾನನ್ನು ಕ್ಯಾರಿಯರಿಗೆ ಕಟ್ಟಿದರೆ ಹಿಂದಿನ ಚಕ್ರದ ಭಾರ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಕುಸಿತವನ್ನು ಅಷ್ಟರಲ್ಲೇ ನಿಲ್ಲಿಸಬೇಕಾದರೆ ಗಾಳಿಯೂ ಹೆಚ್ಚುಕಡಮೆ ಇಮ್ಮಡಿಯಾಗಬೇಕು. 40 ಮಿಲಿಮೀಟರಿನ ಸಾಧಾರಣ ಟೈರು ಅಷ್ಟನ್ನು ತಡೆಯಲಾರದು. ಇಂಥವರು ಗಾಡಿಯಲ್ಲಿ ಹಿಡಿಸುವ ಮಟ್ಟಿಗೆ ಅಗಲವಾದ, ಭಾರಕ್ಕೆಂದೇ ಮಾಡಿದ ಟೈರನ್ನು ಹಿಂದಕ್ಕೆ ಹಾಕಿಸಿ, ಪಕ್ಕದಲ್ಲಿ ಅಚ್ಚಾದ ಎಲ್ಲೆಯವರೆಗೆ ಗಾಳಿ ತುಂಬಿಸಿಕೊಳ್ಳಬೇಕು. ಹಳ್ಳಗಳು ಬಂದಾಗ ಇಳಿದು ತಳ್ಳಬೇಕು. ಹೀಗೆ ಮಾಡದೆ ಗುಂಡಿಗೆ ಇಳಿಸಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಇಕ್ಕಳದಲ್ಲಿ ಹಿಡಿದಂತೆ ಜೋಡಿ ತೂತು ಬಿದ್ದಿದ್ದರೆ ತಪ್ಪು ಮುಳ್ಳಿನದಲ್ಲ, ಗಾಳಿಯ ಕೊರತೆಯದು. ಒಂಟಿ ತೂತಾದರೆ ಮಾತ್ರ ಮುಳ್ಳನ್ನು ಹುಡುಕಿರಿ. ಮುಳ್ಳನ್ನು ಟೈರಿನಲ್ಲೇ ಬಿಟ್ಟು ತೇಪೆ ಹಾಕಿಸಿದವರು ಮರುದಿನವೂ ಅಂಗಡಿಗೆ ಬರುತ್ತಾರೆ.

ಬಿಸಿಲಿಗೆ ನಿಲ್ಲಿಸಿದರೆ ಟ್ಯೂಬು ಒಡೆಯುತ್ತದೆಂದು ಕೆಲವರು ಬೇಸಗೆಯಲ್ಲಿ ಗಾಳಿ ಇಳಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬೆಳಗಿನ 27 ಡಿಗ್ರಿಯಿಂದ ಟೈರು 50 ಡಿಗ್ರಿಗೆ ಕಾದರೂ, 50 ಪೌಂಡಿದ್ದುದು ಸುಮಾರು 55 ಆದೀತು. ಅಷ್ಟಕ್ಕೇ ಒಡೆದದ್ದಾದರೆ ಟೈರಿನ ನೂಲು ಮೊದಲೇ ಸವೆದಿತ್ತೆಂದು ತಿಳಿಯಬೇಕು. ಗಾಳಿ ಇಳಿಸುವುದರ ಬದಲು ಟೈರನ್ನು ಬದಲಾಯಿಸುವುದು ವಿವೇಕ.

ಬದಲಾಯಿಸುವಾಗ ಇನ್ನೊಂದು ಎಚ್ಚರ ಬೇಕು. ಅಂಗಡಿಯಲ್ಲಿ ಇಪ್ಪತ್ತೆಂಟು ಅಂಗುಲ, ಇಪ್ಪತ್ತಾರು ಅಂಗುಲ ಎಂದು ಕೇಳಿದರೆ ಸಾಲದು. ಹಳೆಯ ಕಪ್ಪು ಬೈಸಿಕಲ್ಲಿನ ಇಪ್ಪತ್ತೆಂಟು ಅಂಗುಲದ ಟೈರು ಕುಳಿತುಕೊಳ್ಳುವ ರಿಮ್ಮಿನ ವ್ಯಾಸ 635 ಮಿಲಿಮೀಟರು. ಹೊಸ ಮಾದರಿಯ 700-ಸಿ ಎಂಬುದನ್ನೂ ಕೆಲವರು ಇಪ್ಪತ್ತೆಂಟೆಂದೇ ಕರೆಯುತ್ತಾರೆ, ಅದರದು 622. ಇಪ್ಪತ್ತಾರರಲ್ಲಿಯೂ ಹೀಗೆಯೇ, ಒಂದು 590, ಇನ್ನೊಂದು 559. ಒಂದಕ್ಕಾದುದು ಇನ್ನೊಂದಕ್ಕಾಗದು. ಟೈರಿನ ಪಕ್ಕದಲ್ಲಿ 40-635 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಅಗಲ, ಎರಡನೆಯದು ವ್ಯಾಸ. ಈ ಎರಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದವರು ಮೋಸಹೋಗುವುದಿಲ್ಲ. ಇದಾದಮೇಲೆ ಮಾಡಬೇಕಾದುದು ಇಷ್ಟು: ವಾರಕ್ಕೊಮ್ಮೆ ಗಾಳಿ ನೋಡುವುದು, ತಿಂಗಳಿಗೊಮ್ಮೆ ಅಡಿಕೋಲಿನಿಂದ ಕುಸಿತವನ್ನು ಅಳೆಯುವುದು, ಹಳೆಯ ಮಾದರಿಯ ವಾಲ್ವಾದರೆ ಮಳೆಗಾಲಕ್ಕೆ ಮೊದಲು ರಬ್ಬರು ನಳಿಕೆಯನ್ನು ಹೊಸದು ಮಾಡುವುದು.

ಕರ್ನಾಟಕ ಸರ್ಕಾರ 2006-07ರಿಂದ ಅನೇಕ ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಹಂಚಿತು. ಆ ಹುಡುಗಿಯದೂ ಹಾಗೆ ಬಂದುದೇ. ಬೈಸಿಕಲ್ಲು ಮನೆಗೆ ಬಂತು. ಅದಕ್ಕೆ ಎಷ್ಟು ಗಾಳಿ ಬೇಕೆಂದು ಹೇಳಿಕೊಡುವುದು ಓದಿದವರಾದ ನಮ್ಮ ಕೆಲಸವಾಗಿತ್ತು. ನಾವು ಸೂತ್ರವನ್ನು ಹಲಗೆಯ ಮೇಲೆ ಬರೆದೆವು, ಹಿತ್ತಿಲಲ್ಲಿ ನಿಂತಿದ್ದ ಬೈಸಿಕಲ್ಲುಗಳನ್ನು ನೋಡಲಿಲ್ಲ.

ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿನೆದುರು ಕಾರಣವನ್ನು ನಾನೇ ಬರೆದುಕೊಂಡು ಪ್ರಾಂಶುಪಾಲರ ಬಳಿಗೆ ಹೋದೆ. ಅವರು ಓದಿ ನಕ್ಕರು, ಆಮೇಲೆ ರುಜುಹಾಕಿದರು. ಪರೀಕ್ಷೆಗೆ ಅವಕಾಶ ದೊರೆಯಿತು. ಆದರೆ ತಪ್ಪಿಹೋಗಿದ್ದ ಪಾಠಗಳನ್ನು ರುಜುವಿನಿಂದ ತರಲಾಗುವುದಿಲ್ಲವಷ್ಟೆ. ಆ ತಿಂಗಳು ಸಂಜೆಗಳಲ್ಲಿ ಅವಳಿಗೂ ಅವಳಂತೆಯೇ ದೂರದಿಂದ ಬರುವ ನಾಲ್ಕಾರು ಮಂದಿಗೂ ಒತ್ತಡದ ಅಧ್ಯಾಯವನ್ನು ಮೊದಲಿನಿಂದ ಹೇಳಿದೆ. ಈಗ ನನ್ನ ಕೊಠಡಿಯ ಮೂಲೆಯಲ್ಲಿ ಒಂದು ಕಾಲು ಪಂಪೂ ಒಂದು ಡಬ್ಬಿ ರಬ್ಬರು ನಳಿಕೆಗಳೂ ಇರುತ್ತವೆ. ತಡವಾಗಿ ಬಂದವರನ್ನು ನಾನು ಈಗಲೂ ಗದರಿಸುತ್ತೇನೆ; ಆದರೆ ಗದರಿಸುವುದಕ್ಕೆ ಮುಂಚೆ ಹೊರಕ್ಕೆ ಹೋಗಿ ಅವರ ಟೈರನ್ನು ಒಮ್ಮೆ ನೋಡಿಬರುತ್ತೇನೆ.